ಮದ್ಲ ಬರಕೊಳ್ರಿ, ಫೋಟೋ ಆಮ್ಯಾಲೆ

ಹ್ವಾದ ವರ್ಷ ಚಳಿಗಾಲದಾಗ ತಂಗಿ ಜೋಡಿ ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿಗೆ ಹೋಗಿದ್ದೆ. ಪಟ್ಟೆತಲೆ ಹೆಬ್ಬಾತಿನ ಹಿಂಡಿನಾಗ ಒಂದರ ಕೊರಳಾಗ ಬಣ್ಣದ ಕಾಲರ್ ಕಂಡ್ತು. ಮಂಗೋಲಿಯಾದಾಗ ಅಂಥವು ಹಾಕಿ ಬಿಡ್ತಾರ. ಅದರ ಮ್ಯಾಲಿನ ನಂಬರದಿಂದ ಹಕ್ಕಿ ಎಲ್ಲಿಂದ ಬಂತಂತ ಗೊತ್ತಾಗತೈತಿ. ನಾನು ಫೋಟೋ ಹುಚ್ಚಿಗೆ ದಂಡಿಗುಂಟ ಮುಂದ ಹೋದೆ, ಹಿಂಡೆಲ್ಲಾ ಭರ್ರಂತ ಎದ್ದು ಹೋತು. ಮೊಬೈಲದಾಗ ಬಂದಿದ್ದು ಬರೇ ಚುಕ್ಕಿ.

ಹಕ್ಕಿ ಬಲ್ಲವರೊಬ್ರು, "ನಂಬರ? ತಾರೀಖು? ಎಷ್ಟೊತ್ತಿಗೆ?" ಅಂದ್ರು. ಒಂದಕ್ಕೂ ಉತ್ರ ಇಲ್ಲ. ಹಾಲಿನ ಲೆಕ್ಕ ಕ್ಯಾಲೆಂಡರದಾಗ ತಪ್ಪದ ಬರಿಯೋಕಿ ನಾನು!

ಅಕ್ಕಾರ, ನಿಂತಲ್ಲೇ ಬರಕೊಳ್ರಿ. "ನಮಗೇನ್ ತಿಳಿತೈತಿ" ಅನಬ್ಯಾಡ್ರಿ. ರಾತ್ರಿ ಶೇಂಗಾ, ಕಡ್ಲಿ ಹೊಲದಾಗ ಮೇದು ಕೆರಿಗೆ ಮರಳೋ ಹಿಂಡು, ನಸುಕಿನ್ಯಾಗ ಹೊಲಕ್ಕ ಹೊಂಟ ಹೆಣ್ಮಕ್ಕಳ ಕಣ್ಣಿಗೇ ಮದ್ಲ ಬೀಳೂದು.