ದೇವದೂತನ ಕಳೆಯುವ ಲೆಕ್ಕ

ಡಿಸೆಂಬರ್ ಬಂತೆಂದರೆ ಇಲ್ಲಿ ಬಾಂದ್ರಾದ ಬಾಲ್ಕನಿಗಳಲ್ಲಿ ಕಾಗದದ ನಕ್ಷತ್ರ ತೂಗುತ್ತವೆ, ಥಿಯೇಟರುಗಳಿಗೆ ಮಾಯಾಲೋಕದ ಸಿನಿಮಾ ಬರುತ್ತವೆ. ಹಾರುವ ಜಿಂಕೆ, ಮಾತಾಡುವ ಗೊಂಬೆ, ಕೊನೆಗೆ ಎಲ್ಲರಿಗೂ ಉಡುಗೊರೆ. ‘ಮನೆಮಂದಿಯೆಲ್ಲ ಕೂತು ನೋಡುವ ಚಿತ್ರ’ ಅಂತ ಜಾಹೀರಾತು. ಈ ಮಾತಿನ ಬಗ್ಗೆ ನನ್ನದೊಂದು ತಕರಾರಿದೆ. ಮನೆಮಂದಿ ನೋಡುವ ಚಿತ್ರದಲ್ಲಿ ಮನೆಯ ಕಷ್ಟ ಒಂದೂ ಕಾಣಿಸಬಾರದು ಅಂತ ಯಾರು ಹೇಳಿದ್ದು?

ನನ್ನ ಪರ ಸಾಕ್ಷಿಯಾಗಿ ಹಳೆಯದೊಂದು ಚಿತ್ರವನ್ನು ಕರೆಯುತ್ತೇನೆ. ಫ್ರಾಂಕ್ ಕಾಪ್ರಾ ಅವರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’, 1946ರದು. ‘ಬಿಡೋ ಮಾರಾಯ, ಅದು ಅಳುಬುರುಕ ಸಿನಿಮಾ’ ಎಂದು ನಮ್ಮ ಗೆಳೆಯರಲ್ಲೇ ಮೂಗು ಮುರಿಯುವವರಿದ್ದಾರೆ. ಅಳು ಬರುತ್ತದೆ, ನಿಜ. ಆದರೆ ಯಾತಕ್ಕೆ ಬರುತ್ತದೆ ಅನ್ನುವುದನ್ನು ನೋಡಬೇಕಲ್ಲ.

ಬೆಡ್‌ಫರ್ಡ್ ಫಾಲ್ಸ್ ಎಂಬ ಸಣ್ಣ ಊರು. ಜಾರ್ಜ್ ಬೇಲಿಗೆ (ಪಾತ್ರ ಜೇಮ್ಸ್ ಸ್ಟೂವರ್ಟ್) ಪ್ರಪಂಚ ಸುತ್ತುವ ಆಸೆ, ಸೇತುವೆ ಕಟ್ಟುವ ಆಸೆ. ಅಪ್ಪ ತೀರಿಕೊಳ್ಳುತ್ತಾರೆ. ಬಡವರಿಗೆ ಮನೆ ಕಟ್ಟಲು ಸಾಲ ಕೊಡುವ ಅಪ್ಪನ ಪುಟ್ಟ ಸಂಸ್ಥೆ ಇವನ ಕೊರಳಿಗೆ ಬೀಳುತ್ತದೆ. ಕಾಲೇಜಿಗೆಂದು ಕೂಡಿಟ್ಟ ದುಡ್ಡನ್ನು ತಮ್ಮ ಹ್ಯಾರಿಗೆ ಕೊಟ್ಟು, ‘ನೀನು ಓದಿ ಬಾ, ಆಮೇಲೆ ನಾನು ಹೋಗ್ತೀನಿ’ ಅನ್ನುತ್ತಾನೆ. ತಮ್ಮ ಓದಿ ಬರುತ್ತಾನೆ, ಜೊತೆಗೆ ಹೆಂಡತಿ, ಮಾವ ಕೊಡಿಸುವ ನೌಕರಿ. ಅಣ್ಣ ಊರಲ್ಲೇ ಉಳಿಯುತ್ತಾನೆ. ಕೊನೆಗೊಂದು ಕ್ರಿಸ್‌ಮಸ್ ಹಿಂದಿನ ದಿನ ಸಂಸ್ಥೆಯ ಎಂಟು ಸಾವಿರ ಡಾಲರ್ ಕಳೆದುಹೋಗಿ ಊರ ಸಾಹುಕಾರ ಪಾಟರನ ಕೈ ಸೇರುತ್ತದೆ. ಜಾರ್ಜ್ ಸಾಯಲೆಂದು ಸೇತುವೆಯ ಮೇಲೆ ನಿಲ್ಲುತ್ತಾನೆ.

ಚಿತ್ರದ ಮೊದಲಿಗೆ ಆಕಾಶದಲ್ಲಿ ನಕ್ಷತ್ರಗಳು ಮಾತಾಡಿಕೊಳ್ಳುವುದು ಬಿಟ್ಟರೆ ಇಲ್ಲಿಯವರೆಗೆ ಮಾಯೆ ಮಂತ್ರ ಏನೂ ಇಲ್ಲ. ಈಗ ಕ್ಲಾರೆನ್ಸ್ ಎಂಬ ದೇವದೂತ ಇಳಿಯುತ್ತಾನೆ, ಇನ್ನೂ ರೆಕ್ಕೆ ಸಿಗದ ಎರಡನೇ ದರ್ಜೆಯವನು! ಅವನು ಮಾಡುವ ಪವಾಡವಾದರೂ ಎಂಥದು? ದುಡ್ಡು ಸುರಿಸುವುದಿಲ್ಲ, ಪಾಟರನನ್ನು ಕಪ್ಪೆ ಮಾಡುವುದಿಲ್ಲ. ಬರೀ ಒಂದು ಕಳೆಯುವ ಲೆಕ್ಕ. ಜಾರ್ಜ್ ಹುಟ್ಟದೇ ಇದ್ದಿದ್ದರೆ ಈ ಊರು ಹೇಗಿರುತ್ತಿತ್ತು, ನೋಡು ಅನ್ನುತ್ತಾನೆ. ಮಂಜು ಒಡೆದು ನೀರಿಗೆ ಬಿದ್ದ ತಮ್ಮನನ್ನು ಎಳೆದು ಉಳಿಸಲು ಜಾರ್ಜ್ ಇರಲಿಲ್ಲ, ಹುಡುಗ ಸತ್ತ. ಆ ಹುಡುಗ ಬದುಕಿದ್ದರೆ ಯುದ್ಧದಲ್ಲಿ ಕಾಪಾಡುತ್ತಿದ್ದ ಹಡಗಿನ ಸೈನಿಕರೂ ಸತ್ತರು. ಇಷ್ಟೇ ಸ್ವಾಮಿ, ಇಡೀ ಚಿತ್ರದ ಮಾಯೆ. ದುಡ್ಡು ಕೊನೆಗೆ ಬರುವುದು ಸ್ವರ್ಗದಿಂದಲ್ಲ, ಅಕ್ಕಪಕ್ಕದವರು ಬುಟ್ಟಿಯಲ್ಲಿ ತಂದು ಮೇಜಿನ ಮೇಲೆ ಸುರಿಯುತ್ತಾರೆ.

ದೋಷಗಳಿಲ್ಲವೇ? ಇವೆ. ಜಾರ್ಜ್ ಇಲ್ಲದ ಲೋಕದಲ್ಲಿ ಮೇರಿಗೆ ಒದಗುವ ಮಹಾ ದುರ್ಗತಿಯೇನು? ಮದುವೆಯಿಲ್ಲದೆ ಕನ್ನಡಕ ಹಾಕಿಕೊಂಡು ಲೈಬ್ರರಿಯಲ್ಲಿ ಕೆಲಸ ಮಾಡುವುದು! ನಮ್ಮ ಸಂಘದ ಹುಡುಗಿಯರು ಇಲ್ಲಿ ಜೋರಾಗಿ ನಕ್ಕರು, ನಗಬೇಕಾದದ್ದೇ.

ಈ ಚಿತ್ರದ ಚರಿತ್ರೆಯೂ ಸ್ವಾರಸ್ಯವಾಗಿದೆ. ಮೂಲ ಕಥೆ ಬರೆದ ಫಿಲಿಪ್ ವ್ಯಾನ್ ಡೋರೆನ್ ಸ್ಟರ್ನ್‌ಗೆ ಪ್ರಕಾಶಕರೇ ಸಿಗಲಿಲ್ಲ. 1943ರಲ್ಲಿ ತಾವೇ 200 ಪ್ರತಿ ಅಚ್ಚು ಹಾಕಿಸಿ ಕ್ರಿಸ್‌ಮಸ್ ಕಾರ್ಡಿನಂತೆ ಗೆಳೆಯರಿಗೆ ಹಂಚಿದರು. (ಸೈಕ್ಲೋಸ್ಟೈಲ್ ಮಸಿಯಲ್ಲಿ ಬೆರಳು ಕಪ್ಪಾಗಿಸಿಕೊಳ್ಳುವ ನಮ್ಮವರು ಇದನ್ನು ನೆನಪಿಡಲಿ.) ಬಿಡುಗಡೆಯಾದಾಗ ಚಿತ್ರ ಹಾಕಿದ ದುಡ್ಡು ಹುಟ್ಟಿಸಲಿಲ್ಲ. ಬ್ಯಾಂಕಿನವನನ್ನು ಕೆಟ್ಟವನಾಗಿ ತೋರಿಸಿದೆಯೆಂದು 1947ರಲ್ಲಿ ಅಮೆರಿಕದ ಎಫ್.ಬಿ.ಐ. ಇದರಲ್ಲಿ ಕಮ್ಯುನಿಸ್ಟ್ ವಾಸನೆ ಹಿಡಿಯಿತು. 1974ರಲ್ಲಿ ಹಕ್ಕು ನವೀಕರಿಸುವುದನ್ನು ಯಾರೋ ಮರೆತರು. ಬಿಟ್ಟಿ ಸಿಕ್ಕಿತೆಂದು ಅಲ್ಲಿನ ಟಿ.ವಿ. ಕೇಂದ್ರಗಳು ಪ್ರತಿ ಡಿಸೆಂಬರಿನಲ್ಲೂ ತೋರಿಸತೊಡಗಿದವು. ಜನ ಮನೆಯಲ್ಲಿ ಕೂತು ನೋಡಿ ನೋಡಿ ಅದನ್ನು ತಮ್ಮದಾಗಿಸಿಕೊಂಡರು.

ನಾನು ಇದನ್ನು ನೋಡಿದ್ದು ನನ್ನ ಅಣ್ಣನ ಜೊತೆ. ಅಣ್ಣ ಪಿ.ಯು.ಸಿ.ಗೆ ಓದು ನಿಲ್ಲಿಸಿ ಈ ಊರಿಗೆ ಬಂದವನು, ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಾನೆ. ನನ್ನ ಫೀಸು ಕಟ್ಟುವವನು ಅವನೇ. ಇಂಗ್ಲಿಷ್ ಮಾತು ಸರಿಯಾಗಿ ಹಿಡಿಯದ ಕಡೆ ನಾನು ಕಿವಿಯಲ್ಲಿ ಹೇಳುತ್ತಿದ್ದೆ. ಹ್ಯಾರಿ ಹೆಂಡತಿಯೊಡನೆ ರೈಲಿಳಿಯುವ ದೃಶ್ಯದಲ್ಲಿ ನನಗೆ ಮಾತು ಹೊರಡಲಿಲ್ಲ. ಅಣ್ಣನೂ ಕೇಳಲಿಲ್ಲ, ಅದಕ್ಕೆ ಅನುವಾದ ಬೇಕಿರಲಿಲ್ಲ. ಚಿತ್ರ ಮುಗಿದ ಮೇಲೆ ಕೇಳಿದ್ದು ಒಂದೇ: ‘ಆ ದುಡ್ಡು ನುಂಗಿದ ಮುದುಕನಿಗೆ ಏನಾಯ್ತು?’ ‘ಏನೂ ಆಗ್ಲಿಲ್ಲ’ ಅಂದೆ. ‘ಹಾಗಾದ್ರೆ ನಿಜವಾದ ಕಥೆನೇ’ ಅಂದ.

ಚಿತ್ರ ನೋಡಿ ಬಂದವರೆಲ್ಲ ತಾವೇ ಜಾರ್ಜ್ ಅಂದುಕೊಂಡು ಕಣ್ಣೊರೆಸಿಕೊಳ್ಳುತ್ತಾರೆ. ಕಾಲೇಜಿನ ಬೆಂಚಿನಲ್ಲಿ ಕೂತ ನಾವು ಬಹಳ ಜನ ಜಾರ್ಜ್ ಅಲ್ಲ, ಹ್ಯಾರಿ. ಯಾರದೋ ಕೂಡಿಟ್ಟ ದುಡ್ಡಿನಲ್ಲಿ, ಯಾರೋ ಬಿಟ್ಟುಕೊಟ್ಟ ಸೀಟಿನಲ್ಲಿ ಓದುತ್ತಿದ್ದೇವೆ. ಕೆಲವರಿಗೆ ಅಣ್ಣ, ಕೆಲವರಿಗೆ ಅಕ್ಕ, ಕೆಲವರಿಗೆ ಬಳೆ ಅಡವಿಟ್ಟ ಅಮ್ಮ. ಅವರನ್ನು ಕಳೆದು ನೋಡಿದರೆ ನಮ್ಮಲ್ಲಿ ಎಷ್ಟು ಜನ ಇಲ್ಲಿರುತ್ತಿದ್ದೆವು? ಚಿತ್ರದ ಹ್ಯಾರಿ ತಡವಾಗಿಯಾದರೂ ಹಿಮದ ಬಿರುಗಾಳಿಯಲ್ಲಿ ಹಾರಿ ಬಂದು, ಎಲ್ಲರ ಮುಂದೆ ಗ್ಲಾಸೆತ್ತಿ, ಈ ಊರಿಗೆ ನನ್ನ ಅಣ್ಣನೇ ದೊಡ್ಡ ಶ್ರೀಮಂತ ಅನ್ನುತ್ತಾನೆ. ನಾವು?

ಈ ರಜೆಗೆ ಊರಿಗೆ ಹೋಗುವವರು, ಇಲ್ಲೇ ಉಳಿಯುವವರು, ಈ ಚಿತ್ರವನ್ನು ಒಮ್ಮೆ ನೋಡಿ. ಒಬ್ಬರೇ ನೋಡಬೇಡಿ. ಫೀಸು ಕಟ್ಟಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ನಾನು ಆ ರಾತ್ರಿ ಅಣ್ಣನಿಗೆ ಏನೋ ಹೇಳಬೇಕೆಂದುಕೊಂಡು ಬಸ್ ಸ್ಟಾಪಿನವರೆಗೆ ಹೋದೆ. ಅಷ್ಟರಲ್ಲಿ ಅವನ ಬಸ್ಸು ಬಂತು. ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ; ಈ ಸಂಚಿಕೆಯ ಒಂದು ಪ್ರತಿ ಅವನ ಹೋಟೆಲಿಗೂ ಹೋಗುತ್ತದೆ.