‘ದಯಾಮರಣ’: ಪದದೋಷದಿಂದ ಕಾರ್ಯದೋಷ

ಗುಣವಾಗುವ ಆಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಕುರಿತು ಸುಪ್ರೀಂ ಕೋರ್ಟ್ 2018ರಲ್ಲಿ ನಿರ್ದೇಶನಗಳನ್ನು ನೀಡಿತು. 2023ರಲ್ಲಿ ಅವನ್ನು ಸರಳಗೊಳಿಸಿತು. ಅವುಗಳ ಜಾರಿಗಾಗಿ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯ ಕೊನೆಯಲ್ಲಿ ಸುತ್ತೋಲೆ ಹೊರಡಿಸಿದಾಗ, ಅದು ‘ದಯಾಮರಣ’ಕ್ಕೆ ದೊರೆತ ಅನುಮತಿಯೆಂದೇ ಪ್ರಚಾರ ಪಡೆಯಿತು. ಈ ಕ್ರಮದ ಮೊದಲ ತೊಡಕು ಆ ಪದವೇ ಎಂಬುದು ನನ್ನ ವಾದ.

ದಯಾಮರಣದಲ್ಲಿ ದಯೆ ಯಾರದು? ಕೊಡುವವನದು. ರೋಗಿಯು ಕರ್ತೃಸ್ಥಾನದಿಂದ ಇಳಿದು ಸಂಪ್ರದಾನವಾಗುತ್ತಾನೆ. ನಿರ್ದೇಶನಗಳಾದರೋ ರೋಗಿಯ ಇಚ್ಛೆಯನ್ನೇ ಆಧರಿಸಿವೆ.

ಅಮೆರಿಕದ ಆರೆಗಾನ್ ರಾಜ್ಯದಲ್ಲಿ 1997ರಿಂದ ಜಾರಿಯಲ್ಲಿರುವ ಕಾಯ್ದೆಯಂತೆ ವೈದ್ಯರು ಬರೆದುಕೊಟ್ಟ ಮದ್ದನ್ನು ರೋಗಿಯೇ ಸೇವಿಸಬೇಕು. ನೆದರ್ಲೆಂಡ್ಸ್‌ನ 2002ರ ಕಾಯ್ದೆಯಡಿ ವೈದ್ಯರೇ ಕೊಡಬಹುದು. ಭಾರತದಲ್ಲಿ ಎರಡಕ್ಕೂ ಅವಕಾಶವಿಲ್ಲ. ಇಲ್ಲಿ ಸಾಧ್ಯವಿರುವುದು ಚಿಕಿತ್ಸೆಯನ್ನು ತಡೆಹಿಡಿಯುವುದು ಅಥವಾ ಹಿಂತೆಗೆಯುವುದು ಮಾತ್ರ. ಅದೂ ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಿ, ಮ್ಯಾಜಿಸ್ಟ್ರೇಟರಿಗೆ ತಿಳಿಸಿದ ಬಳಿಕ. ಈ ಮೂರನ್ನೂ ಒಂದೇ ಪದದಲ್ಲಿ ಕಟ್ಟಿದರೆ ವೈದ್ಯರು ಕೊಲೆಯ ಆಪಾದನೆಗೆ ಅಂಜುತ್ತಾರೆ, ಬಂಧುಗಳು ಲೋಕಾಪವಾದಕ್ಕೆ ಅಂಜುತ್ತಾರೆ. ರೋಗಿ ಯಂತ್ರದ ವಶದಲ್ಲೇ ಉಳಿಯುತ್ತಾನೆ.

ಪದಗೊಂದಲದ ಬೆಲೆಯನ್ನು ಜೈನ ಸಮಾಜ ಬಲ್ಲದು. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಯೊಡನೆ ಸಮೀಕರಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಪರಿಹಾರವಿಲ್ಲದ ಉಪಸರ್ಗ, ಬರ, ಮುಪ್ಪು, ರೋಗಗಳಲ್ಲಿ ಮಾತ್ರ ಈ ವ್ರತವನ್ನು ಹೇಳುತ್ತದೆ. ಚಂದ್ರಗಿರಿಯ ಶಾಸನಗಳಲ್ಲಿ ಬರುವ ‘ನೋನ್’, ‘ಮುಡಿಪು’ ಎಂಬ ಕ್ರಿಯೆಗಳಿಗೆ ಸಾಯುವವರೇ ಕರ್ತೃಗಳು.

ಹಾಗೆಂದು ಸಲ್ಲೇಖನವೇ ಈ ಕಾನೂನಿನ ಪೂರ್ವರೂಪವೆಂದು ಬೀಗುವ ನಮ್ಮವರ ಉತ್ಸಾಹವೂ ಸಲ್ಲದು. ವ್ರತಕ್ಕೆ ಎಚ್ಚರ ಬೇಕು, ಗುರುವಿನ ಅನುಮತಿ ಬೇಕು. ರೋಗಿ ಮೊದಲೇ ಬರೆದಿಟ್ಟ ಇಚ್ಛಾಪತ್ರ ಕೆಲಸ ಮಾಡುವುದಾದರೋ ಆತನು ತಾನೇ ನಿರ್ಧರಿಸಲಾರದ ಸ್ಥಿತಿಗೆ ತಲುಪಿದ ಮೇಲೆ.

ಆ ಪತ್ರಕ್ಕೆ ಇಬ್ಬರು ಸಾಕ್ಷಿಗಳು ಬೇಕು. ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಇವೆಲ್ಲ ಇದ್ದೂ, ಸಹಿ ಹಾಕುವವರಿಗೆ ಒಕ್ಕಣೆಯೇ ತಿಳಿಯದಿದ್ದರೆ ಆ ಇಚ್ಛೆ ಯಾರದು? ಉಸಿರಾಟದ ಯಂತ್ರ ಬೇಡ, ಕೊಳವೆಯಲ್ಲಿ ಆಹಾರ ಬೇಡ, ನೋವು ಮಾತ್ರ ತಗ್ಗಿಸಿ ಎಂದು ನೇರವಾಗಿ ಬರೆಯಲು ಕನ್ನಡಕ್ಕೆ ಶಕ್ತಿಯಿದೆ. ಹೆಸರೇ ಬೇಕಾದರೆ ‘ಚಿಕಿತ್ಸಾನಿವೃತ್ತಿ’ ಎನ್ನೋಣ. ನಿವೃತ್ತಿಯಲ್ಲಿ ಕೊಲ್ಲುವ ಕೈಯೂ ಇಲ್ಲ, ಕರುಣಿಸುವ ಕೈಯೂ ಇಲ್ಲ. ಶಾಸನದ ಒಂದೊಂದು ಪದಕ್ಕೂ ಸಂಪುಟಗಟ್ಟಲೆ ಚರ್ಚಿಸುವ ನಮ್ಮ ಕನ್ನಡ ವಿಭಾಗಗಳು ಈ ಒಂದು ಪುಟದ ಪತ್ರವನ್ನು ತಿಳಿಗನ್ನಡದಲ್ಲಿ ರೂಪಿಸಿಕೊಡಲಾರವೇ?