ರಸ್ತೆ ಊರಿನದ್ದು, ಕೇಬಲ್ ಕಂಪನಿಯದ್ದು: ಪುರಸಭೆಗೆ ಸಿಗೋದು ಕಿ.ಮೀ.ಗೆ ಸಾವಿರ ರೂಪಾಯಿ!

ರಸ್ತೆಗೆ ಡಾಂಬರು ಹಾಕಿ ಆರು ತಿಂಗಳೂ ಆಗಿರಲ್ಲ, ಒಂದು ಬೆಳಗ್ಗೆ ಅಂಗಡಿ ಮುಂದೆ ಜೆಸಿಬಿ ಬಂದು ನಿಂತಿರುತ್ತೆ. ಕೇಳಿದರೆ ‘ಕೇಬಲ್ ಕೆಲಸ, ಪರ್ಮಿಷನ್ ಇದೆ’ ಅನ್ನೋ ಉತ್ತರ. ಎರಡು ದಿನ ಮಣ್ಣಿನ ಗುಡ್ಡೆ, ವ್ಯಾಪಾರ ಬಂದ್. ಮುಚ್ಚಿ ಹೋದ ಮೇಲೆ ಮೊದಲ ಮಳೆಗೇ ಗುಂಡಿ. ಯಾವ ತಾಲೂಕು ಕೇಂದ್ರಕ್ಕೂ ಇದು ಹೊಸದಲ್ಲ.

ಆದರೆ ಆ ಪರ್ಮಿಷನ್‌ಗೆ ಪುರಸಭೆಗೆ ಎಷ್ಟು ದುಡ್ಡು ಬಂತು ಅಂತ ಕೇಳಿದವರು ಎಷ್ಟು ಜನ? ಉತ್ತರ ಗೊತ್ತಾದರೆ ಆಶ್ಚರ್ಯವಾಗುತ್ತದೆ.

ಮಿತಿ ಹಾಕಿದ್ದು ಕೇಂದ್ರ

2016ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಟೆಲಿಗ್ರಾಫ್ ಮಾರ್ಗ ಹಕ್ಕು ನಿಯಮಗಳನ್ನು ಹೊರಡಿಸಿತು. ಅದರ ಪ್ರಕಾರ ನೆಲದಡಿ ಕೇಬಲ್ ಹಾಕಲು ಅನುಮತಿ ಕೊಡುವ ಸ್ಥಳೀಯ ಸಂಸ್ಥೆ, ಆಡಳಿತಾತ್ಮಕ ಶುಲ್ಕವಾಗಿ ಕಿ.ಮೀ.ಗೆ ಹೆಚ್ಚೆಂದರೆ 1,000 ರೂ. ಪಡೆಯಬಹುದು. ಟವರ್ ಅರ್ಜಿಗೆ ಗರಿಷ್ಠ 10,000 ರೂ. ರಸ್ತೆ ರಿಪೇರಿ ವೆಚ್ಚ ಬೇರೆ, ಆ ವಿಷಯಕ್ಕೆ ಮುಂದೆ ಬರೋಣ.

2022ರ ತಿದ್ದುಪಡಿಯಲ್ಲಿ ಬೀದಿದೀಪದ ಕಂಬಗಳೂ ಸೇರಿದವು. 5ಜಿಗೆ ಬೇಕಾದ ಚಿಕ್ಕ ಆಂಟೆನಾವನ್ನು ಕಂಬಕ್ಕೆ ಕಟ್ಟಿದರೆ ಪಟ್ಟಣದಲ್ಲಿ ವರ್ಷಕ್ಕೆ 300 ರೂ., ಹಳ್ಳಿಯಲ್ಲಿ 150 ರೂ. ಈಗ 2023ರ ದೂರಸಂಪರ್ಕ ಕಾಯ್ದೆಯಡಿ ಮಾಡಿದ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಶುಲ್ಕಕ್ಕೆ ಮಿತಿ ಇರಬೇಕು ಅನ್ನೋ ನೀತಿ ಮಾತ್ರ ಹಾಗೇ ಮುಂದುವರಿದಿದೆ.

ಸ್ವಲ್ಪ ಲೆಕ್ಕ ಹಾಕಿ. ಒಂದು ಕಿ.ಮೀ. ಉದ್ದ, ಅರ್ಧ ಮೀಟರ್ ಅಗಲ ಅಗೆದರೆ 500 ಚದರ ಮೀಟರ್ ರಸ್ತೆ ಹೋಯಿತು. ಅದಕ್ಕೆ ಸಾವಿರ ರೂಪಾಯಿ ಅಂದರೆ ಚದರ ಮೀಟರ್‌ಗೆ 2 ರೂ. ಊರಿಡೀ 20 ಕಿ.ಮೀ. ಕೇಬಲ್ ಹಾಕಿದರೂ ಬರೋದು 20 ಸಾವಿರ, ಅದೂ ಒಂದೇ ಸಲ. ಅದೇ ರಸ್ತೆ ಬದಿಯಲ್ಲಿ ಸೊಪ್ಪು ಮಾರುವ ಅಜ್ಜಿಯಿಂದ ದಿನಕ್ಕೆ ಹತ್ತೇ ರೂಪಾಯಿ ನೆಲ ಸುಂಕ ವಸೂಲಿ ಮಾಡಿದರೂ ವರ್ಷಕ್ಕೆ 3,650 ರೂ. ಆಗುತ್ತದೆ. ಅಂದರೆ ಅಜ್ಜಿ ಕೊಡೋದು ಹನ್ನೆರಡು ಕಂಬಗಳ ಬಾಡಿಗೆಗೆ ಸಮ.

ಕಂಪನಿಗಳ ವಾದದಲ್ಲೂ ಹುರುಳಿದೆ

ಹಾಗಂತ ಮಿತಿಯೇ ತಪ್ಪು ಅನ್ನೋಕಾಗಲ್ಲ. ಮೊದಲು ಒಂದೊಂದು ಊರಿಗೆ ಒಂದೊಂದು ದರ ಇತ್ತು. ದೊಡ್ಡ ನಗರಗಳಲ್ಲಿ ಕಿ.ಮೀ.ಗೆ ಲಕ್ಷಗಟ್ಟಲೆ ಕೇಳುತ್ತಿದ್ದರು. ಅನುಮತಿಗೆ ತಿಂಗಳುಗಟ್ಟಲೆ ಅಲೆದಾಟ. ಕಂಪನಿ ಕಟ್ಟಿದ ಶುಲ್ಕ ಕೊನೆಗೆ ನಮ್ಮ ರೀಚಾರ್ಜ್ ದರದಲ್ಲೇ ಬಂದು ಕೂರುತ್ತದೆ, ಯಾರೂ ಕೈಯಿಂದ ಕೊಡಲ್ಲ. ಇಂದು ಅಂಗಡಿಯ ಯುಪಿಐ ಪೆಟ್ಟಿಗೆ ‘ಹಣ ಬಂದಿದೆ’ ಅಂತ ಕೂಗಬೇಕಾದರೂ ನೆಟ್‌ವರ್ಕ್ ಬೇಕು.

ಅಮೆರಿಕದಲ್ಲೂ ಇದೇ ಜಗ್ಗಾಟ ಇದೆ. ಅಲ್ಲಿನ ನಗರಗಳು ತಮ್ಮ ರಸ್ತೆ ಬಳಸುವ ಕೇಬಲ್, ವಿದ್ಯುತ್, ಗ್ಯಾಸ್ ಕಂಪನಿಗಳಿಂದ ‘ಫ್ರಾಂಚೈಸ್ ಶುಲ್ಕ’ ಪಡೆಯುತ್ತವೆ. ಕಂಪನಿಗಳು ಅದನ್ನು ಗ್ರಾಹಕರ ಬಿಲ್‌ನಲ್ಲಿ ಸೇರಿಸುತ್ತವೆ. ಕೇಬಲ್ ಟಿವಿ ಮೇಲಿನ ಶುಲ್ಕ ಆ ಊರಿನಿಂದ ಕೇಬಲ್ ಕಂಪನಿಗೆ ಬರುವ ಒಟ್ಟು ಆದಾಯದ ಶೇ 5 ಮೀರಬಾರದು ಅಂತ 1984ರ ಕಾನೂನು ಮಿತಿ ಹಾಕಿತು. ಈಗ ಜನ ಕೇಬಲ್ ಬಿಟ್ಟು ಮೊಬೈಲು, ಇಂಟರ್‌ನೆಟ್ಟಲ್ಲಿ ಸಿನಿಮಾ ನೋಡುತ್ತಿರುವುದರಿಂದ ಆ ಆದಾಯವೂ ಕರಗುತ್ತಿದೆ. ಕಂಬದ ಆಂಟೆನಾಕ್ಕೆ ಅಲ್ಲಿನ ದೂರಸಂಪರ್ಕ ಆಯೋಗ 2018ರಲ್ಲಿ ವರ್ಷಕ್ಕೆ 270 ಡಾಲರ್ ಸಮಂಜಸ ಅಂದಿತು. ನಮ್ಮಲ್ಲಿ 300 ರೂಪಾಯಿ. ಮಿತಿ ಎರಡೂ ಕಡೆ ಇದೆ, ಅಂತರ ನೋಡಿ.

ಕಡಿಮೆ ಆದದ್ದನ್ನು ತುಂಬುವವರು ಯಾರು?

ಅಸಲಿ ಪ್ರಶ್ನೆ ಇದು. ಪುರಸಭೆಗೆ ಸ್ವಂತ ಆದಾಯದ ದಾರಿ ಕೆಲವೇ: ಆಸ್ತಿ ತೆರಿಗೆ, ನೀರಿನ ಬಿಲ್, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ, ಸಂತೆ ಸುಂಕ. ಇವೆಲ್ಲವನ್ನೂ ಕಟ್ಟೋದು ನಾವೇ. ಹೊರಗಿನಿಂದ ಬಂದು ವ್ಯಾಪಾರ ಮಾಡುವ ದೊಡ್ಡ ಕಂಪನಿಯಿಂದ ಬರುವ ಬಾಗಿಲು ಕಿರಿದಾದರೆ, ಹೊರೆ ಮತ್ತೆ ಇದೇ ಪಟ್ಟಿಯ ಮೇಲೆ ಬೀಳುತ್ತದೆ.

ಟವರ್ ವಿಷಯದಲ್ಲೂ ಹೀಗೇ ಆಯಿತು. ಮೊಬೈಲ್ ಟವರ್‌ಗೆ ಆಸ್ತಿ ತೆರಿಗೆ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಗುಜರಾತ್ ಪ್ರಕರಣವೊಂದರಲ್ಲಿ ಹೇಳಿತ್ತು. 2023ರ ಕಾಯ್ದೆ ಬಂದು, ದೂರಸಂಪರ್ಕ ಜಾಲವನ್ನು ಅದು ನಿಂತಿರುವ ಆಸ್ತಿಯ ಭಾಗವೆಂದು ಆಸ್ತಿ ತೆರಿಗೆಗೂ ಪರಿಗಣಿಸುವಂತಿಲ್ಲ ಎಂದಿತು. ಕೋರ್ಟ್ ತೆರೆದ ಬಾಗಿಲನ್ನು ಸಂಸತ್ತು ಬಹುಪಾಲು ಮುಚ್ಚಿತು.

ಇನ್ನು ಕರೆಂಟ್ ಬಿಲ್ ತೆಗೆದು ನೋಡಿ. ಗೃಹಜ್ಯೋತಿ ಮನೆಗೆ, ಅಂಗಡಿಗೆ ಇಲ್ಲ. ಅಂಗಡಿ ಬಿಲ್‌ನಲ್ಲಿ ಬಳಕೆ ಶುಲ್ಕದ ಮೇಲೆ ಶೇ 9 ತೆರಿಗೆ ಇರುತ್ತದೆ: ಸಾವಿರಕ್ಕೆ 90 ರೂ. ಅದು ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ದೆಹಲಿಯಲ್ಲಿ ವಿದ್ಯುತ್ ತೆರಿಗೆ ಮಹಾನಗರ ಪಾಲಿಕೆಗೆ ಸೇರುತ್ತದೆ. ನಮ್ಮ ಪುರಸಭೆಗಳು ಮಾತ್ರ ಬೀದಿದೀಪ, ನೀರಿನ ಪಂಪಿನ ಬಿಲ್ ಕಟ್ಟಲು ರಾಜ್ಯದ ಅನುದಾನಕ್ಕೆ ಕಾಯುತ್ತವೆ. ಕಂಬ ನಿಂತಿರೋದು ಊರಿನ ರಸ್ತೆಯಲ್ಲಿ, ತೆರಿಗೆ ಹೋಗೋದು ಬೆಂಗಳೂರಿಗೆ.

ನಮ್ಮ ಕೈಯಲ್ಲಿ ಇರೋದು

ಶುಲ್ಕದ ಮಿತಿ ದೆಹಲಿಯಲ್ಲಿ ಆದ ತೀರ್ಮಾನ, ತಾಲೂಕಿನಲ್ಲಿ ಕೂತು ಬದಲಿಸೋಕಾಗಲ್ಲ. ಆದರೆ ರಸ್ತೆ ರಿಪೇರಿಯ ಹಣಕ್ಕೆ ಯಾರೂ ಸಾವಿರ ರೂಪಾಯಿ ಮಿತಿ ಹಾಕಿಲ್ಲ. ಕಂಪನಿ ರಸ್ತೆಯನ್ನು ಮೊದಲಿದ್ದಂತೆ ಮಾಡಿಕೊಡಬೇಕು, ಇಲ್ಲವೇ ಅದರ ವೆಚ್ಚ ಕಟ್ಟಬೇಕು. ಭದ್ರತೆಗೆ ಬ್ಯಾಂಕ್ ಗ್ಯಾರಂಟಿ ಪಡೆಯಲು ನಿಯಮದಲ್ಲೇ ಅವಕಾಶ ಇದೆ. ಪಟ್ಟಣಗಳಿಗೆ ಹೆಚ್ಚು ನಷ್ಟವಾಗೋದು ಇಲ್ಲೇ. ಶುಲ್ಕ ಕಡಿಮೆ ಅಂತ ಗೊಣಗುತ್ತೇವೆ, ಆದರೆ ಗುಂಡಿ ಬಿದ್ದಾಗ ಗ್ಯಾರಂಟಿ ಮುಟ್ಟುಗೋಲು ಹಾಕಿ ಅಂತ ಕೇಳಲ್ಲ. ಕೊನೆಗೆ ಪುರಸಭೆ ನಮ್ಮದೇ ಕಂದಾಯದ ದುಡ್ಡಲ್ಲಿ ಗುಂಡಿ ಮುಚ್ಚುತ್ತದೆ.

ಹಾಗಾಗಿ ಮುಂದಿನ ಸಾಮಾನ್ಯ ಸಭೆಗೆ ಮುಂಚೆ ನಿಮ್ಮ ವಾರ್ಡ್ ಸದಸ್ಯರನ್ನು, ಸದಸ್ಯರಿಲ್ಲದಿದ್ದರೆ ಮುಖ್ಯಾಧಿಕಾರಿಗಳನ್ನು ನಾಲ್ಕು ಮಾತು ಕೇಳಿ.

1. ಕಳೆದ ಮೂರು ವರ್ಷದಲ್ಲಿ ಎಷ್ಟು ಕಿ.ಮೀ. ಅಗೆಯಲು ಅನುಮತಿ ಕೊಟ್ಟಿದ್ದೀರಿ? ಅನುಮತಿಗಿಂತ ಹೆಚ್ಚು ಅಗೆದಿದ್ದಾರಾ ಅಂತ ಅಳತೆ ಮಾಡಿದವರು ಯಾರು?
2. ರಿಪೇರಿ ಹಣ ಅಥವಾ ಬ್ಯಾಂಕ್ ಗ್ಯಾರಂಟಿ ಎಷ್ಟು ಬಂದಿದೆ? ಅವಧಿ ಮುಗಿಯುವ ಮುಂಚೆ ರಸ್ತೆ ನೋಡಿ ಬಂದಿದ್ದೀರಾ?
3. ಊರಿನ ಎಷ್ಟು ಕಂಬಗಳ ಮೇಲೆ ಖಾಸಗಿ ಕೇಬಲ್ ನೇತಾಡುತ್ತಿದೆ, ಅದರಲ್ಲಿ ಅನುಮತಿ ಪಡೆದದ್ದು ಎಷ್ಟು?
4. ಡಾಂಬರು ಹಾಕುವ ಮೊದಲು ಕೇಬಲ್, ನೀರು, ಒಳಚರಂಡಿಯವರನ್ನು ಒಟ್ಟಿಗೆ ಕೂರಿಸಿದ್ದೀರಾ? ಅಗೆಯುವ ಮುನ್ನ ತಿಳಿಸಲು ಕೇಂದ್ರವೇ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ, ಅದನ್ನು ಬಳಸುತ್ತಿದ್ದಾರಾ?

ಬಾಯಿ ಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತೇ ರೂಪಾಯಿ. ವರ್ತಕರ ಸಂಘದವರು ಒಟ್ಟಾಗಿ ಹಾಕಿದರೆ ಇನ್ನೂ ಒಳ್ಳೆಯದು.

ದೊಡ್ಡ ಬೇಡಿಕೆ ಒಂದಿದೆ, ಅದನ್ನು ಶಾಸಕರ ಮುಂದೆ ಇಡಬೇಕು: ವಿದ್ಯುತ್ ತೆರಿಗೆಯಲ್ಲಿ ಆಯಾ ಊರಿಗೆ ಒಂದು ಪಾಲು. ಮೇಲಿನವರು ಒಂದು ಆದಾಯಕ್ಕೆ ಮಿತಿ ಹಾಕಿದರೆ ಇನ್ನೊಂದು ದಾರಿ ತೋರಿಸಬೇಕು. ಇಲ್ಲದಿದ್ದರೆ ಆ ವ್ಯತ್ಯಾಸ ಮುಂದಿನ ಏಪ್ರಿಲ್‌ನಲ್ಲಿ ನಿಮ್ಮ ಕಂದಾಯದ ಚಲನ್‌ನಲ್ಲೇ ಕಾಣಿಸುತ್ತದೆ.